ಮೂವತ್ತೆರಡು ಬಗೆಯ ಕಾಗುಣಿತ

ದಾನಮ್ಮ ರಿಪೇರಿ ಅಂಗಡಿಯ ಕೆಲಸ ಬಿಟ್ಟದ್ದು ಒಂದು ಬುಧವಾರ ಮಧ್ಯಾಹ್ನ, ಊಟದ ಡಬ್ಬಿಯನ್ನು ತೆರೆಯುವ ಮೊದಲೇ.

ಅವಳು ತಾಳಿಕೋಟೆ ಕಡೆಯವಳು. ವಿಜಾಪುರದಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದವಳು, ಮದುವೆಯಾದ ಮೇಲೆ ಗಂಡ ಸಂಗಮೇಶನ ಜೊತೆ ಬೆಂಗಳೂರಿಗೆ ಬಂದಳು. ಸಂಗಮೇಶನಿಗೆ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ. ಬಿಟಿಎಂ ಎರಡನೇ ಹಂತದಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ದಾನಮ್ಮ ಜಯನಗರದ ಒಂದು ಅಡ್ಡರಸ್ತೆಯಲ್ಲಿದ್ದ ಕಂಪ್ಯೂಟರ್ ರಿಪೇರಿ ಅಂಗಡಿಗೆ ಸೇರಿ ಏಳು ವರ್ಷ ಕಳೆದಿದ್ದಳು. ಸತ್ತ ಮದರ್‌ಬೋರ್ಡನ್ನು ಬದುಕಿಸುವುದರಲ್ಲಿ ಅವಳ ಕೈ ಒಳ್ಳೆಯದು ಎಂಬ ಮಾತಿತ್ತು. ಹಳೆಯದಾಗಿ ತೆವಳುತ್ತಿದ್ದ ಮಷಿನ್‌ಗಳಿಗೆ ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ತಂತ್ರಾಂಶ ಹಾಕಿ ಓಡುವಂತೆ ಮಾಡುವುದನ್ನು ಅವಳು ತಾನಾಗಿಯೇ ಕಲಿತಿದ್ದಳು. ಅಂಗಡಿಯಲ್ಲಿ ಉಳಿದವರಿಗೆ ಅದರ ಗೊಡವೆ ಇರಲಿಲ್ಲ.

ಆ ಬುಧವಾರ ಪಕ್ಕದ ಮೇಜಿನ ದೀಪಕ್ ಒಂದು ಲ್ಯಾಪ್‌ಟಾಪಿನ ಪರದೆ ಬದಲಿಸಿ, ಅದರೊಳಗಿನ ಫೈಲುಗಳನ್ನು ತೆರೆದು ಕೂತಿದ್ದ.

"ಗುರು, ಬಾ ಇಲ್ಲಿ, ಸಖತ್ತಾಗಿದೆ. ಸೀರಿಯಲ್ ನೋಡೋದೇ ಬೇಡ," ಎಂದು ಯಾರನ್ನೋ ಕರೆದು ಜೋರಾಗಿ ಓದತೊಡಗಿದ.

ಓದಿದ್ದು ಒಬ್ಬ ಹೆಂಗಸಿನ ಹೇಳಿಕೆ. ಗಂಡ ಅವಳನ್ನು ಬಚ್ಚಲುಮನೆಯಲ್ಲಿ ಕೂಡಿಹಾಕಿದ್ದು, ಪಕ್ಕದ ಮನೆಯವರು ಬಂದು ಬಾಗಿಲು ಮುರಿದದ್ದು. ಹೆಸರು, ವಿಳಾಸ, ತಾರೀಕು ಎಲ್ಲ ಇತ್ತು. ಇಬ್ಬರು ನಕ್ಕರು. ದಾನಮ್ಮ ಎದ್ದು ಹೋಗಿ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದಳು. ಮುಚ್ಚುವ ಮೊದಲು, ಇಡೀ ಫೋಲ್ಡರಿನ ನಕಲು ಅಂಗಡಿಯ ಡಿಸ್ಕಿನಲ್ಲಿ ಕೂತಿರುವುದು ಅವಳ ಕಣ್ಣಿಗೆ ಬಿತ್ತು.

ಅಂಗಡಿಯ ಯಜಮಾನ ಮುತ್ತುರಾಜ ಒಳಗಿನಿಂದ ಬಂದ. "ಏನಮ್ಮ ಇದು? ಫೈಲ್ ಓಪನ್ ಆಗುತ್ತಾ ಇಲ್ವಾ ಅಂತ ಟೆಸ್ಟ್ ಮಾಡೋದು ಬೇಡ್ವಾ?"

"ಟೆಸ್ಟ್ ಮಾಡಾಕ ಓದಿ ನಗಬೇಕೇನ್ರೀ? ನಕಲು ಯಾಕ ತಗೊಂಡಾರ? ಮೊದ್ಲು ಅದನ್ನ ಅಳಿಸ್ರಿ," ಎಂದಳು ದಾನಮ್ಮ. ಗಿರಾಕಿಗಳ ಮುಂದೆ ಬೆಂಗಳೂರಿನ ಮಾತು ಆಡಲು ಅಭ್ಯಾಸವಾಗಿದ್ದರೂ ಸಿಟ್ಟು ಬಂದರೆ ಊರ ಮಾತೇ ಬರುತ್ತಿತ್ತು.

"ಅಳಿಸ್ತೀವಿ ಬಿಡು. ನಿನ್ನ ಕೆಲಸ ನೀನು ನೋಡು ಹೋಗು."

ಅವಳು ತನ್ನ ಸ್ಕ್ರೂಡ್ರೈವರ್ ಚೀಲವನ್ನೂ ಊಟದ ಡಬ್ಬಿಯನ್ನೂ ಎತ್ತಿಕೊಂಡು ಹೊರಗೆ ಬಂದಳು. ಎದುರಿನ ಎಳನೀರಿನ ಗಾಡಿಯ ಪಕ್ಕ ನಿಂತು, ಲ್ಯಾಪ್‌ಟಾಪಿಗೆ ಅಂಟಿಸಿದ್ದ ಚೀಟಿಯಿಂದ ನೆನಪಿಟ್ಟುಕೊಂಡಿದ್ದ ನಂಬರಿಗೆ ಫೋನ್ ಮಾಡಿದಳು. ಎತ್ತಿದವರು ಪಂಕಜಾ. ಬನಶಂಕರಿ ಎರಡನೇ ಹಂತದ ತಮ್ಮ ಮನೆಯ ಮಹಡಿಯಲ್ಲಿ ಹದಿನೈದು ವರ್ಷದಿಂದ ಹೆಂಗಸರಿಗೆ ಕೌಟುಂಬಿಕ ಸಲಹೆ ಕೊಡುತ್ತಿದ್ದವರು. ದಾನಮ್ಮ ನಡೆದದ್ದನ್ನು ನಡೆದಂತೆ ಹೇಳಿದಳು.

"ನೀನು ಯಾರಮ್ಮ?" ಎಂದು ಪಂಕಜಾ ಕೇಳಿದರು.

"ಈ ಅಂಗಡಿಯಾಗ ಕೆಲಸ ಮಾಡ್ತಿದ್ದೆ ಮೇಡಂ. ಈಗ ಬಿಟ್ಟೆ."

ಪಂಕಜಾ ಅರ್ಧ ಗಂಟೆಯೊಳಗೆ ವಕೀಲ ಗೌರೀಶಂಕರರನ್ನು ಕರೆದುಕೊಂಡು ಅಂಗಡಿಗೆ ಬಂದರು. ಅಂಗಡಿಯವರು ನಕಲನ್ನು ಅವರ ಎದುರಿಗೇ ಅಳಿಸಿದರು. ಮುತ್ತುರಾಜ ಕೈಮುಗಿದ. ಆದರೆ ಆ ಫೈಲುಗಳು ಆ ಮೊದಲೇ ಯಾರ ಪೆನ್‌ಡ್ರೈವಿಗೆ ಹೋಗಿದ್ದವೋ ಹೇಳುವವರಿರಲಿಲ್ಲ. ಪಂಕಜಾ ಆಮೇಲೆ ಮಾಡಿದ ಕೆಲಸ ದಾನಮ್ಮನಿಗೆ ಗೊತ್ತಾದದ್ದು ಎಷ್ಟೋ ದಿನಗಳ ನಂತರ. ಆ ಲ್ಯಾಪ್‌ಟಾಪಿನಲ್ಲಿ ನಲವತ್ತಮೂರು ಹೆಂಗಸರ ವಿವರ ಇತ್ತು. ಪಂಕಜಾ ಒಂಬತ್ತು ದಿನ ಕೂತು ನಲವತ್ತಮೂರು ಜನಕ್ಕೂ ಫೋನ್ ಮಾಡಿ, "ನಿಮ್ಮ ವಿಷಯ ಹೊರಗಿನವರು ಓದಿದ್ದಾರೆ, ತಪ್ಪು ನನ್ನದು" ಎಂದು ಹೇಳಿದ್ದರು. ಇಬ್ಬರು ಮತ್ತೆ ಅವರ ಮನೆ ಮೆಟ್ಟಿಲು ಹತ್ತಲಿಲ್ಲ. ಉತ್ತರಹಳ್ಳಿಯಲ್ಲಿದ್ದ ಒಬ್ಬಳು ಗಂಡನಿಗೆ ವಿಳಾಸ ತಿಳಿದೀತೆಂಬ ಭಯಕ್ಕೆ ಮನೆಯನ್ನೇ ಬದಲಾಯಿಸಿದಳು.

ಹತ್ತನೇ ದಿನ ಅವರು ದಾನಮ್ಮನಿಗೆ ಫೋನ್ ಮಾಡಿದರು. "ಇನ್ನೊಂದು ಸಲ ಹೀಗಾಗಬಾರದು. ಏನು ಮಾಡಬೇಕು ಹೇಳು, ಮಾಡ್ತೀನಿ."

ಅದು ದಾನಮ್ಮನ ಸ್ವಂತ ಕೆಲಸದ ಮೊದಲನೇ ಮಷಿನ್. ಭಾನುವಾರ ಬೆಳಿಗ್ಗೆ ಹೋದಳು. ಮಹಡಿಯ ಕೋಣೆಯಲ್ಲಿ ಎರಡು ಬೆತ್ತದ ಕುರ್ಚಿ, ಒಂದು ಮೇಜು, ಗೋಡೆಯ ಬದಿಗೆ ಕಡತಗಳ ಬೀರು. ಪಂಕಜಾ ಕಾಫಿ ತಂದಿಟ್ಟು ಎದುರು ಕೂತರು.

"ಮೊದಲೂ ಪಾಸ್‌ವರ್ಡ್ ಇತ್ತಲ್ಲಮ್ಮ, ಅದನ್ನ ಹ್ಯಾಗೆ ದಾಟಿದರು?"

"ರಿಪೇರಿಗೆ ಬೇಕು ಅಂತ ಚೀಟಿ ಮೇಲೆ ನಿಮ್ಮ ಹತ್ರಾನೇ ಬರೆಸ್ಕೊಂಡಿದ್ರಲ್ರೀ. ಬರೆಸ್ಕೊಳ್ಳದಿದ್ರೂ ಅಷ್ಟೇ. ಅದು ಮುಂಬಾಗಿಲ ಚಿಲಕ ಮಾತ್ರ. ಡಿಸ್ಕ್ ಬಿಚ್ಚಿ ಬೇರೆ ಮಷಿನ್‌ಗೆ ಹಾಕಿದ್ರೆ ಗೋಡೆ ಒಡೆದು ಒಳಗೆ ಹೋದಂಗೆ. ಈಗ ನಾ ಮಾಡೋದ್ರಲ್ಲಿ ಒಳಗಿರೋ ಒಂದೊಂದು ಅಕ್ಷರಾನೂ ಕಲಸಿ ಇಡ್ತದೆ. ಡಿಸ್ಕ್ ಕೈಗೆ ಸಿಕ್ಕರೂ ಓದಕ್ಕಾಗಲ್ಲ."

"ನಾನು ಮರೆತರೆ?"

"ಯಾರಿಗೂ ತೆಗಿಯಕ್ಕಾಗಲ್ರೀ. ನನಗೂ ಆಗಲ್ಲ. ಅದಕ್ಕೇ ಮೊದಲೇ ಹೇಳ್ತಿರೋದು."

ಪಂಕಜಾ ಒಂದು ಗಳಿಗೆ ಯೋಚಿಸಿ, "ಮಾಡು," ಎಂದರು.

ದಾನಮ್ಮ ಬೇಕಾದ ಫೈಲುಗಳನ್ನು ಹೊರಗಿನ ಒಂದು ಡಿಸ್ಕಿಗೆ ನಕಲು ಮಾಡಿಕೊಂಡಳು. ಲಿನಕ್ಸ್ ತುಂಬಿದ ಪೆನ್‌ಡ್ರೈವನ್ನು ಸಿಕ್ಕಿಸಿ ಲ್ಯಾಪ್‌ಟಾಪನ್ನು ಅದರಿಂದ ಎಬ್ಬಿಸಿದಳು. ಹಳೆಯದನ್ನು ಪೂರ್ತಿ ಅಳಿಸುವ, ಇಡೀ ಡಿಸ್ಕನ್ನು ಗೂಢಲಿಪಿಯಲ್ಲಿ ಇಡುವ ಆಯ್ಕೆಗಳನ್ನು ಒತ್ತಿದಳು. ಪರದೆ ಗುಪ್ತಪದ ಕೇಳುವಲ್ಲಿಗೆ ಬಂದು ನಿಂತಿತು.

"ಹೆಸರು ಬ್ಯಾಡ, ದೇವರು ಬ್ಯಾಡ, ಹುಟ್ಟಿದ ತಾರೀಕು ಬ್ಯಾಡ್ರೀ. ಹಾಡಿನ ಸಾಲೂ ಬ್ಯಾಡ. ಒಂದಕ್ಕೊಂದು ಸಂಬಂಧ ಇಲ್ಲದ ಆರು ಪದ ಬೇಕು. ಯಂತ್ರ ಏಳೋ ಹೊತ್ತಿಗೆ ಕನ್ನಡ ಕೀಲಿ ಇರಲ್ಲ, ಇಂಗ್ಲಿಷ್ ಅಕ್ಷರದಲ್ಲೇ ಒತ್ತಬೇಕು. ಆದರೆ ಪದ ಕನ್ನಡದ್ದೇ ಇರಲಿ, ನಿಮಗೆ ನೆನಪಿರ್ತದೆ."

ಪಂಕಜಾ ಬೀರುವಿನಿಂದ ದಪ್ಪ ನಿಘಂಟು ತೆಗೆದು, ಕಣ್ಣು ಮುಚ್ಚಿ ಆರು ಕಡೆ ಪುಟ ತೆರೆದು ಬೆರಳಿಟ್ಟರು. ದಾನಮ್ಮ ಕಿಟಕಿಯ ಕಡೆ ಮುಖ ಮಾಡಿ ನಿಂತಳು. ಹಿಂದೆ ಪಂಕಜಾ ಒಂದೊಂದೇ ಕೀಲಿ ಒತ್ತುವ ಸದ್ದು ಬಹಳ ಹೊತ್ತು ಕೇಳಿತು.

"ನೀನು ನೋಡಿದರೆ ಏನಾಗುತ್ತೆ? ನಿನ್ನ ಮೇಲೆ ನನಗೆ ಅನುಮಾನ ಇಲ್ಲಮ್ಮ."

"ಈಗಿಲ್ಲ ಮೇಡಂ. ನಾಳೆ ಏನೋ ಹೊರಗೆ ಹೋದ್ರೆ ನಿಮಗೆ ನನ್ನ ಮೇಲೇ ಕಣ್ಣು ಹೋಗ್ತದೆ. ನನಗೆ ಗೊತ್ತಿಲ್ಲದಿದ್ರೆ ಇಬ್ಬರಿಗೂ ನೆಮ್ಮದಿ."

ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿಯಿತು. ಪಂಕಜಾ ಡೈರಿಯ ಹಿಂದಿನ ಪುಟದಲ್ಲಿ ಬರೆದಿಟ್ಟುಕೊಂಡಿದ್ದ ಇಮೇಲ್, ಬ್ಯಾಂಕು, ಕೋರ್ಟಿನ ವೆಬ್‌ಸೈಟು ಎಲ್ಲದರ ಪಾಸ್‌ವರ್ಡುಗಳನ್ನು ಲ್ಯಾಪ್‌ಟಾಪಿನಲ್ಲೇ ಬೀಗ ಹಾಕಿಡುವ ಒಂದು ಪಾಸ್‌ವರ್ಡ್ ಪೆಟ್ಟಿಗೆಗೆ ದಾನಮ್ಮ ಅವರ ಕೈಯಿಂದಲೇ ಹಾಕಿಸಿದಳು. ಹೊರಗಿನ ಡಿಸ್ಕಿಗೂ ಅದೇ ರೀತಿ ಗೂಢಲಿಪಿಯ ಬೀಗ ಹಾಕಿ, ಅದರ ಪಾಸ್‌ವರ್ಡನ್ನೂ ಪೆಟ್ಟಿಗೆಯಲ್ಲಿ ಸೇರಿಸಿದರು. ಪ್ರತಿ ಶುಕ್ರವಾರ ಆ ಡಿಸ್ಕಿಗೆ ನಕಲು ತೆಗೆಯುವುದನ್ನು ಕಲಿಸಿದಳು. "ಆ ಆರು ಪದಾನ ಕಾಗದದ ಮೇಲೆ ಬರೆದು ಬ್ಯಾಂಕ್ ಲಾಕರಿನಲ್ಲಿ ಇಡ್ರೀ, ಮರೀಬ್ಯಾಡ್ರೀ," ಎಂದು ಹೇಳಿ ಹೊರಟಳು. ಅವಳು ಹೊರಡುವ ಮೊದಲೇ ಪಂಕಜಾ ಡೈರಿಯ ಆ ಪುಟವನ್ನು ಅವಳೆದುರು ಹರಿದು ಒಲೆಗೆ ಹಾಕಿದ್ದರು.

ಅಲ್ಲಿಂದ ದಾನಮ್ಮನ ಕೆಲಸ ಬಾಯಿಂದ ಬಾಯಿಗೆ ಹಬ್ಬಿತು. ಕುಮಾರಸ್ವಾಮಿ ಲೇಔಟಿನ ಒಬ್ಬ ಮನೋವೈದ್ಯೆ ಕರೆದರು, ಆಮೇಲೆ ಗೌರೀಶಂಕರರ ಕಚೇರಿ, ಆಮೇಲೆ ಜಯನಗರದ ರಕ್ತಪರೀಕ್ಷೆಯ ಪ್ರಯೋಗಾಲಯ. ಸ್ಕೂಟರಿನ ಡಿಕ್ಕಿಯಲ್ಲಿ ಪೆನ್‌ಡ್ರೈವ್, ಸ್ಕ್ರೂಡ್ರೈವರ್ ಚೀಲ, ಒಂದು ಮಡಿಸುವ ಕೀಬೋರ್ಡು. ಇಷ್ಟೇ ಅವಳ ಅಂಗಡಿ. ಒಂದೂವರೆ ವರ್ಷದಲ್ಲಿ ನಲವತ್ತಕ್ಕೂ ಹೆಚ್ಚು ಮಷಿನ್‌ಗಳಿಗೆ ಬೀಗ ಹಾಕಿ ಬಂದಿದ್ದಳು.

ಈ ನಡುವೆ ಪಂಕಜಾಗೆ ಕಣ್ಣಿನ ಪೊರೆ ಬಂದು, ಒಂದಾದ ಮೇಲೊಂದು ಎರಡೂ ಕಣ್ಣಿಗೆ ಶಸ್ತ್ರಚಿಕಿತ್ಸೆಯಾಯಿತು. ಪರದೆ ನೋಡಬಾರದೆಂದು ಆರು ವಾರ ಲ್ಯಾಪ್‌ಟಾಪ್ ಬೀರುವಿನಲ್ಲಿ ಕೂತಿತ್ತು.

ಒಂದು ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಫೋನ್ ಬಂತು.

"ದಾನಮ್ಮ, ತೆಗೀತಾ ಇಲ್ಲ ಕಣಮ್ಮ. ಇಪ್ಪತ್ತು ಸಲ ಒತ್ತಿದೆ."

"ಲಾಕರಿನಾಗ ಕಾಗದ ಇಟ್ಟೀರಲ್ರೀ, ಅದನ್ನ ತರಿಸ್ರೀ."

"ಬರೀಬೇಕು ಅಂತಾನೇ ಇದ್ದೆ. ದಿನಾ ಒತ್ತಿ ಒತ್ತಿ ಬೆರಳಿಗೇ ಬಂದುಬಿಡ್ತಲ್ಲ, ಬರೀಲೇ ಇಲ್ಲ. ಶ್ವೇತಾ ಅಂತ ಒಂದು ಹುಡುಗಿ ಕೇಸು ಸೋಮವಾರ ಬರುತ್ತೆ. ಅವಳ ಗಾಯದ ಫೋಟೋ, ತಾರೀಕು ಸಮೇತ ಹೇಳಿಕೆ ಎಲ್ಲ ಇದರಲ್ಲೇ ಇದೆ. ಅವಳ ಫೋನನ್ನ ಗಂಡ ಒಡೆದುಹಾಕಿದ್ದಾನೆ, ಬೇರೆ ಕಡೆ ಎಲ್ಲೂ ಇಲ್ಲ. ಗೌರೀಶಂಕರ್ ಸಂಜೆ ಒಳಗೆ ಬೇಕು ಅಂದಿದ್ದಾರೆ."

"ಗಾಬರಿ ಆಗಬ್ಯಾಡ್ರೀ. ಹೊರಗಿನ ಡಿಸ್ಕಿನಾಗ ನಕಲು ಐತಲ್ಲ, ಬಂದೆ," ಎಂದು ದಾನಮ್ಮ ಸ್ಕೂಟರ್ ಹತ್ತಿದಳು.

ರಾಗಿಗುಡ್ಡದ ಸಿಗ್ನಲ್ಲಿನಲ್ಲಿ ನಿಂತಾಗ ಅವಳಿಗೆ ಹೊಳೆಯಿತು. ಹೊರಗಿನ ಡಿಸ್ಕಿಗೂ ಬೀಗವಿದೆ. ಅದರ ಪಾಸ್‌ವರ್ಡು ಇರುವುದು ಪೆಟ್ಟಿಗೆಯಲ್ಲಿ. ಆ ಪೆಟ್ಟಿಗೆ ಇರುವುದು ಲ್ಯಾಪ್‌ಟಾಪಿನಲ್ಲಿ. ಬೀಗದ ಕೈಯನ್ನು ಟ್ರಂಕಿನೊಳಗಿಟ್ಟು ಟ್ರಂಕಿಗೆ ಬೀಗ ಜಡಿದವಳು ತಾನೇ. ಹಸಿರು ದೀಪ ಬಿದ್ದದ್ದೂ ಅವಳಿಗೆ ತಿಳಿಯಲಿಲ್ಲ. ಹಿಂದಿನಿಂದ ಆಟೋದವನು, "ಅಕ್ಕಾ, ಹೋಗ್ರೀ!" ಎಂದು ಕೂಗಿದ.

ಮಹಡಿಯಲ್ಲಿ ಪಂಕಜಾ ಲ್ಯಾಪ್‌ಟಾಪಿನ ಮುಂದೆ ಕೂತಿದ್ದರು. ದಾನಮ್ಮ ಮೊದಲು ಕೀಲಿಮಣೆಯನ್ನು ಪರೀಕ್ಷಿಸಿದಳು. ದೊಡ್ಡಕ್ಷರದ ಕೀಲಿ ಒತ್ತಿಕೊಂಡಿರಲಿಲ್ಲ. ಯಾವ ಗುಂಡಿಯೂ ಕೆಟ್ಟಿರಲಿಲ್ಲ. ತನ್ನ ಕೀಬೋರ್ಡನ್ನು ಸಿಕ್ಕಿಸಿ ಕೊಟ್ಟಳು, ಆಗಲೂ ತೆರೆಯಲಿಲ್ಲ.

"ಪದ ಮರೆತಿಲ್ಲಮ್ಮ," ಎಂದರು ಪಂಕಜಾ. "ಆರೂ ಪದ, ಅದೇ ಕ್ರಮದಲ್ಲಿ, ದೇವರಾಣೆ ನೆನಪಿದೆ. ಹ್ಯಾಗೆ ಬರೆದಿದ್ದೆ ಅನ್ನೋದೇ ಮರೆತೋಗಿದೆ. ದೀರ್ಘಕ್ಕೆ ಎರಡು ಎ ಹಾಕಿದ್ನಾ ಒಂದಾ? ಶಕಾರಕ್ಕೆ ಎಚ್ ಹಾಕಿದ್ನಾ ಬಿಟ್ನಾ? ಮೊದಲೆಲ್ಲ ಬೆರಳು ತಾನೇ ಹೋಗ್ತಿತ್ತು."

ದಾನಮ್ಮನಿಗೆ ತನ್ನ ಎರಡನೇ ತಪ್ಪು ಅರ್ಥವಾಯಿತು. ಇಂಗ್ಲಿಷ್ ಪದಕ್ಕಾದರೆ ಕಾಗುಣಿತ ಒಂದೇ. ಕನ್ನಡದ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ, ಒಬ್ಬರೇ ಬೆಳಿಗ್ಗೆ ಒಂದು ಥರ ಸಂಜೆ ಒಂದು ಥರ ಬರೆಯುತ್ತಾರೆ.

"ಹೇಳಿಬಿಡ್ತೀನಿ, ನೀನೇ ಒತ್ತಿ ನೋಡು," ಎಂದರು ಪಂಕಜಾ.

"ಮೊದ್ಲು ನೀವೇ ನೋಡ್ರೀ. ಸಂಜಿ ನಾಕರ ತನಕ ಆಗಲಿಲ್ಲಂದ್ರ ಹೇಳ್ರಿ, ತೆರೆದ ಮ್ಯಾಲ ಬದಲು ಮಾಡೂಣು. ಈಗ ನನಗ ಪದ ಬ್ಯಾಡ, ಲೆಕ್ಕ ಹೇಳ್ರಿ. ಎಷ್ಟು ಕಡೆ ಅನುಮಾನ ಐತಿ?"

ಪಂಕಜಾ ಒಂದು ಹಾಳೆಯಲ್ಲಿ ಬರೆದುಕೊಂಡು, ಕೈ ಅಡ್ಡ ಇಟ್ಟುಕೊಂಡು ಎಣಿಸಿದರು. "ಐದು ಕಡೆ."

"ಒಂದೊಂದು ಕಡೆ ಎರಡೆರಡು ಥರ?"

"ಹೂಂ."

"ಹಂಗಂದ್ರ ಒಟ್ಟು ಮೂವತ್ತೆರಡು ಥರ ಆತು. ಮೂವತ್ತೆರಡೂ ಬರೀರಿ. ಒಂದೊಂದೇ ಒತ್ತಿ ಗೆರೆ ಹೊಡೀತಾ ಹೋಗ್ರಿ. ಮೂರು ಸಲ ತಪ್ಪಾದ್ರ ಅದು ಕೈ ಎತ್ತಿಬಿಡ್ತದ, ಆರಿಸಿ ಮತ್ತೆ ಹಚ್ಚಬೇಕು. ಇಪ್ಪತ್ತು ಸಲ ಒತ್ತಿದ್ರಲ್ಲ, ಒತ್ತಿದ್ದನ್ನೇ ಮತ್ತೆ ಒತ್ತೀರಿ ಅಷ್ಟೇ."

ಅಷ್ಟರಲ್ಲಿ ಅವಳಿಗೆ ಇನ್ನೊಂದು ಯೋಚನೆ ಬಂತು. "ಮೇಡಂ, ಫೋನಿನಾಗ ಕನ್ನಡಾನ ಇಂಗ್ಲಿಷ್ ಅಕ್ಷರದಾಗ ಬರೀತೀರೇನು?"

"ನನ್ನ ತಂಗಿಗೆ ಹಾಗೇ ಬರೆಯೋದು. ಮೈಸೂರಲ್ಲಿದ್ದಾಳೆ."

"ನಾ ಬಂದು ಲಿನಕ್ಸ್ ಹಾಕಿದ ತಿಂಗಳ ಮೆಸೇಜ್ ತೆಗೀರಿ. ಆಗ ದೀರ್ಘ ಹೆಂಗ ಬರೀತಿದ್ರಿ ನೋಡ್ರಿ. ಆ ಥರದ್ದು ಮೊದ್ಲು ಒತ್ತಿ ನೋಡ್ರಿ."

ಪಂಕಜಾ ಕನ್ನಡಕ ಸರಿಮಾಡಿಕೊಂಡು ಫೋನನ್ನು ಹಿಂದಕ್ಕೆ ಹಿಂದಕ್ಕೆ ಎಳೆಯತೊಡಗಿದರು. ದಾನಮ್ಮ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು.

ಹನ್ನೊಂದರ ಹೊತ್ತಿಗೆ ಒಬ್ಬ ಹೆಂಗಸು ಮೆಟ್ಟಿಲು ಹತ್ತಿ ಬಂದಳು. ಇಪ್ಪತ್ತೆಂಟು ಮೂವತ್ತು ವಯಸ್ಸು, ಎಡಗೈಯ ಎರಡು ಬೆರಳಿಗೆ ಪಟ್ಟಿ. ಒಳಗೆ ಹೋಗಬಹುದಾ ಎಂದು ಕೇಳಿದಳು. ದಾನಮ್ಮ ಸ್ವಲ್ಪ ತಡೆಯಿರಿ ಎಂದಳು. ಮಾತಿನ ಧಾಟಿ ಕೇಳಿ ತಾವು ಒಂದೇ ಸೀಮೆಯವರೆಂದು ಇಬ್ಬರಿಗೂ ಗೊತ್ತಾಯಿತು.

"ಯಾವೂರ್ರೀ ನಿಮ್ದು?" ಎಂದಳು ಬಂದವಳು.

"ತಾಳಿಕೋಟಿ. ನಿಮ್ದು?"

"ಬಾದಾಮಿ ಹತ್ರ. ಇಲ್ಲಿ ಬಿಟಿಎಂನಾಗ ಆಫೀಸು. ನಾ ಶ್ವೇತಾ."

ದಾನಮ್ಮ ಪಕ್ಕಕ್ಕೆ ಸರಿದು ಜಾಗ ಮಾಡಿದಳು. ಇವಳಿಗೆ ಏನು ಹೇಳುವುದು? ಯಂತ್ರ ಕೆಟ್ಟಿದೆ ಎಂದರೆ ಮುಗಿಯುತ್ತಿತ್ತು. ಮೇಡಂ ಮರೆತಿದ್ದಾರೆ ಎಂದರೂ ಸುಳ್ಳಾಗುತ್ತಿರಲಿಲ್ಲ.

"ನಿಮ್ಮ ಫೋಟೋ ಇರೋ ಲ್ಯಾಪ್‌ಟಾಪ್ ತೆಗೀವಲ್ದು," ಎಂದಳು ಕೊನೆಗೆ. "ಬೀಗ ಹಾಕಿದಾಕಿ ನಾನ. ನಕಲಿನ ಬೀಗದ ಕೈನೂ ಅದರಾಗ ಇಡಿಸಿಬಿಟ್ಟೆ. ಅದು ನಂದ ತಪ್ಪು. ಮೇಡಂ ಒಳಗ ಪ್ರಯತ್ನ ಮಾಡಾಕತ್ತಾರ."

ಶ್ವೇತಾ ಚೀಲವನ್ನು ಮಡಿಲಿಗೆ ಎಳೆದುಕೊಂಡಳು. ಕೆಳಗೆ ಸೊಪ್ಪಿನವಳು ಕೂಗುತ್ತ ಹೋದಳು.

"ತೆಗೀದಿದ್ರ?"

"ಗೊತ್ತಿಲ್ರೀ."

"ಆ ಫೋಟೋ ನನ್ನ ಫೋನಿನಾಗ ತೆಗದದ್ದು ಮೇಡಂನ. ನನಗ ನೋಡಾಕ ಧೈರ್ಯ ಇರಲಿಲ್ಲ," ಎಂದಳು ಶ್ವೇತಾ. ಆಮೇಲೆ, "ನಿಮಗೂ ತೆಗಿಯಾಕ ಬರೂದಿಲ್ಲೇನು? ಹಾಕಿದಾಕಿ ನೀವ ಅಂತೀರಿ," ಎಂದಳು.

"ಬರೂದಿಲ್ಲ."

"ನಮ್ಮನಿಯವರು ಮೂರು ಸಲ ನನ್ನ ಫೋನಿನ ಪಾಸ್‌ವರ್ಡ್ ತೆಗೆಸಿದ್ರು, ರಿಪೇರಿ ಅಂಗಡಿಯಾಗ. ಅಲ್ಲಿ ಕೇಳಿದ ಕೂಡಲೇ ತೆಗದು ಕೊಟ್ರು. ಇದನ್ನ ಆ ಅಂಗಡಿಯವರ ಕೈಗೆ ಕೊಟ್ರ ಅವರಿಗೂ ಬರೂದಿಲ್ಲ ಅಲ್ರೀ?"

"ಇಲ್ಲ."

ಶ್ವೇತಾ ತಲೆಯಾಡಿಸಿದಳು. ಸಮಾಧಾನವೋ ಏನೋ, ದಾನಮ್ಮನಿಗೆ ತಿಳಿಯಲಿಲ್ಲ. ಆ ಹೆಂಗಸು ಒಂದು ಮಾತು ಬೈದಿದ್ದರೆ ಒಳ್ಳೆಯದಿತ್ತು ಎನ್ನಿಸಿತು. ಶ್ವೇತಾ ಬೈಯಲಿಲ್ಲ. ಚೀಲದಿಂದ ಎರಡು ಪೇರಲಹಣ್ಣು ತೆಗೆದು ಒಂದನ್ನು ಅವಳ ಕೈಗೆ ಕೊಟ್ಟಳು.

ಒಳಗೆ ಲ್ಯಾಪ್‌ಟಾಪನ್ನು ಆರಿಸುವ, ಹಚ್ಚುವ ಕೆಲಸ ನಡೆದೇ ಇತ್ತು. ಪಂಕಜಾ ಪ್ರತಿ ಮೂರಕ್ಕೊಮ್ಮೆ, "ಇದೂ ಅಲ್ಲ," ಎಂದು ಕೂಗಿ ಹೇಳುತ್ತಿದ್ದರು. ಹನ್ನೆರಡು ಮುಗಿಯಿತು, ಹದಿನೈದು ಮುಗಿಯಿತು. ಮೆಸೇಜುಗಳಲ್ಲಿ ಪಂಕಜಾ ಪದದ ಮೊದಲಲ್ಲಿ ದೀರ್ಘ ಬಂದರೆ ಎರಡು ಎ ಹಾಕುತ್ತಿದ್ದರಂತೆ, ನಡುವೆ ಬಂದರೆ ಒಂದೇ. ಹಾಗೆ ಒತ್ತಿದ್ದೆಲ್ಲ ತಪ್ಪಾಯಿತು. ಹದಿನೆಂಟೂ ಮುಗಿದಾಗ ದಾನಮ್ಮ ತಡೆಯಲಾರದೆ ಎದ್ದು ಬಾಗಿಲಿಗೆ ಬಂದಳು.

"ಮೇಡಂ, ಅವತ್ತು ನೀವು ನಿಘಂಟು ನೋಡಿಕೊಂಡು ಒತ್ತಿದ್ರಿ. ತಂಗಿಗೆ ಬರೆದಂಗ ಅವಸರದಾಗ ಬರೆದಿರೂದಿಲ್ಲ. ನಿಘಂಟು ಎದುರಿಗಿದ್ರ ನೀವು ಪ್ರತಿ ದೀರ್ಘಾನೂ ಶಕಾರಾನೂ ಸರಿಯಾಗಿ ಬರೀತಿದ್ರಿ, ಅಲ್ರೀ?"

ಪಂಕಜಾ ಹಾಳೆಯನ್ನು ಮೇಲಿಂದ ಕೆಳಗೆ ನೋಡಿದರು. ಎಲ್ಲ ದೀರ್ಘಕ್ಕೂ ಎರಡೆರಡು ಅಕ್ಷರ, ಶಕಾರಕ್ಕೆ ಎಚ್ ಇದ್ದ ಸಾಲು ಇನ್ನೂ ಗೆರೆ ಬೀಳದೆ ಕೆಳಗೆ ಉಳಿದಿತ್ತು. ದಾನಮ್ಮ ಬಾಗಿಲಿಗೆ ಬೆನ್ನು ತಿರುಗಿಸಿ ನಿಂತಳು. ಕೀಲಿಗಳ ಸದ್ದು, ಆಮೇಲೆ ಒಂದೆರಡು ಸೆಕೆಂಡು ಏನೂ ಇಲ್ಲ.

"ಬಂತು," ಎಂದರು ಪಂಕಜಾ. ಆಮೇಲೆ ಜೋರಾಗಿ, "ದಾನಮ್ಮ, ಬಂತು ಕಣೇ!"

ಶ್ವೇತಾ ಎದ್ದು ಒಳಗೆ ಓಡಿದಳು. ದಾನಮ್ಮ ಹೋಗಲಿಲ್ಲ. ಫೋಟೋಗಳನ್ನು ತೆರೆಯುವಾಗ ತಾನು ಅಲ್ಲಿರುವುದು ಬೇಡವೆಂದು ಮೆಟ್ಟಿಲಿಳಿದು ಹೋಗಿ, ಗೇಟಿನ ಪಕ್ಕದ ನಲ್ಲಿಯಲ್ಲಿ ಮುಖ ತೊಳೆದುಕೊಂಡಳು.

ಒಂದು ಗಂಟೆಗೆ ಗೌರೀಶಂಕರರ ಕಚೇರಿಗೆ ಕಡತ ತಲುಪಿತು. ಅದಾದ ಮೇಲೆ ದಾನಮ್ಮ ಮತ್ತೆ ಮಹಡಿ ಹತ್ತಿ ಉಳಿದ ಕೆಲಸಕ್ಕೆ ಕೂತಳು. ಆ ಡಿಸ್ಕಿನ ಬೀಗಕ್ಕೆ ಒಂದಕ್ಕಿಂತ ಹೆಚ್ಚು ಕೀಲಿಗಳನ್ನು ಕೂಡಿಸಲು ಬರುತ್ತದೆ. ಅರ್ಥವಿಲ್ಲದ ಅಕ್ಷರ ಅಂಕಿಗಳ ಎರಡನೇ ಕೀಲಿಯೊಂದನ್ನು ಸೇರಿಸಿ, ಪಂಕಜಾರ ಕೈಯಲ್ಲೇ ಕಾಗದದ ಮೇಲೆ ಬರೆಸಿದಳು. ಹೊರಗಿನ ಡಿಸ್ಕಿನ ಪಾಸ್‌ವರ್ಡನ್ನೂ ಅದರ ಕೆಳಗೆ ಬರೆಸಿ, ಲಕೋಟೆಗೆ ಹಾಕಿಸಿ, ಅಂಟಿಸಿ, ಮೇಲೆ ಸಹಿ ಮಾಡಿಸಿದಳು. ಲಕೋಟೆ ಗೌರೀಶಂಕರರ ಕಬ್ಬಿಣದ ಬೀರುವಿಗೆ ಹೋಯಿತು. ಆರು ಪದಗಳನ್ನು, ಒಂದೊಂದು ಅಕ್ಷರವನ್ನೂ ಬಿಡಿಬಿಡಿಯಾಗಿ ಬರೆದ ಇನ್ನೊಂದು ಕಾಗದ ಲಾಕರಿಗೆ ಹೋಗಬೇಕಿತ್ತು. ಸೋಮವಾರ ಬೆಳಿಗ್ಗೆ ಬ್ಯಾಂಕು ತೆರೆಯುವ ಹೊತ್ತಿಗೆ ದಾನಮ್ಮ ತಾನೇ ಸ್ಕೂಟರಿನಲ್ಲಿ ಪಂಕಜಾರನ್ನು ಕೂರಿಸಿಕೊಂಡು ಹೋಗಿ, ಅವರು ಲಾಕರಿನಿಂದ ಬರಿಗೈಯಲ್ಲಿ ಹೊರಬರುವವರೆಗೆ ಬಾಗಿಲಲ್ಲಿ ಕಾದಳು.

ಶನಿವಾರ ಮನೆಗೆ ಬಂದು ಸಂಗಮೇಶನಿಗೆ ಎಲ್ಲ ಹೇಳಿದ್ದಳು.

"ಆತಲ್ಲ ಬಿಡು, ತೆಗೀತಲ್ಲ," ಎಂದಿದ್ದ ಅವನು.

"ಇದೊಂದು ತೆಗೀತು. ಉಳಿದ ನಲವತ್ತು ಮಂದಿಗೂ ನಾ ಹಿಂಗ ಮಾಡಿ ಬಂದೀನಿ."

ಮುಂದಿನ ಇಪ್ಪತ್ತು ದಿನ ಅವಳು ಹೊಸ ಕೆಲಸ ಒಪ್ಪಿಕೊಳ್ಳಲಿಲ್ಲ. ಬೀಗ ಹಾಕಿದ್ದ ಒಬ್ಬೊಬ್ಬರ ಮನೆಗೂ ಕಚೇರಿಗೂ ಹೋಗಿ, "ನಾನು ಮಾಡಿದ್ರಲ್ಲಿ ಒಂದು ತಪ್ಪಿದೆ, ಸರಿಮಾಡಕ್ಕೆ ಬಂದಿದೀನಿ," ಎಂದಳು. ಹೆಚ್ಚಿನವರು ಕಾಫಿ ಕೊಟ್ಟು ಕೂರಿಸಿದರು. ಕೋಣನಕುಂಟೆಯ ಹಲ್ಲಿನ ಡಾಕ್ಟರೊಬ್ಬರು ಸಿಡುಕಿದರು.

"ಹಾಗಾದ್ರೆ ಮೊದಲು ಮಾಡಿದ್ದು ಸರಿ ಇರಲಿಲ್ವಾ? ಇದಕ್ಕೆ ನಿಮ್ಮನ್ನ ನಂಬಿದ್ದು?"

"ಹೌದು ಸಾರ್, ಸರಿ ಇರಲಿಲ್ಲ," ಎಂದಳು ದಾನಮ್ಮ. ಕಾಗದ ಬರೆಸಿ, ಲಕೋಟೆ ಅಂಟಿಸಿಯೇ ಅಲ್ಲಿಂದ ಎದ್ದಳು. ಹನ್ನೊಂದು ಜನ ಪಂಕಜಾರ ಹಾಗೆಯೇ ಏನನ್ನೂ ಬರೆದಿಟ್ಟಿರಲಿಲ್ಲ. ಜಯನಗರದ ಪ್ರಯೋಗಾಲಯದಲ್ಲಿ ಗುಪ್ತಪದವನ್ನು ಚೀಟಿಯಲ್ಲಿ ಬರೆದು ಪರದೆಯ ಅಂಚಿಗೇ ಅಂಟಿಸಿದ್ದರು.

ಶ್ವೇತಾಳ ಕೇಸು ಆ ಸೋಮವಾರವೇ ಮುಗಿಯಲಿಲ್ಲ, ಇನ್ನೂ ಎರಡು ತಾರೀಕು ಹಿಡಿಯಿತು. ಗಂಡನ ವಕೀಲರು ಫೋಟೋಗಳ ಬಗ್ಗೆ ತಕರಾರು ತೆಗೆದರು. ಯಾವತ್ತು ಎಲ್ಲಿ ತೆಗೆದದ್ದೆಂದು ಪಂಕಜಾ ಕಟಕಟೆಯಲ್ಲಿ ನಿಂತು ಹೇಳಿದರು. ಮೂರನೇ ಸಲ ಆದೇಶ ಬಂತು. ಗಂಡ ಅವಳ ಮನೆಯ ಹತ್ತಿರವಾಗಲಿ ಆಫೀಸಿನ ಹತ್ತಿರವಾಗಲಿ ಸುಳಿಯುವಂತಿಲ್ಲ. ಶ್ವೇತಾ ಈಗಲೂ ಬಿಟಿಎಂನಲ್ಲೇ ಇದ್ದಾಳೆ. ದಾನಮ್ಮನಿಗೆ ಒಂದೆರಡು ಸಲ ಸಂತೆಯಲ್ಲಿ ಸಿಕ್ಕಿದ್ದಾಳೆ. ಇಬ್ಬರೂ ಜೋಳದ ಹಿಟ್ಟು ಎಲ್ಲಿ ಚೆನ್ನಾಗಿ ಸಿಗುತ್ತದೆ ಎಂದು ಮಾತಾಡುತ್ತಾರೆ, ಬೇರೆ ಏನೂ ಇಲ್ಲ.

ಪಂಕಜಾ ತಮಗೆ ತಾವೇ ಒಂದು ಪದ್ಧತಿ ಮಾಡಿಕೊಂಡರು. ಪ್ರತಿ ತಿಂಗಳ ಒಂದನೇ ತಾರೀಕು ಬೆಳಿಗ್ಗೆ ಲ್ಯಾಪ್‌ಟಾಪನ್ನು ಪೂರ್ತಿ ಆರಿಸಿ, ಮತ್ತೆ ಹಚ್ಚಿ, ಆರು ಪದ ಒತ್ತಿ, ದಾನಮ್ಮನಿಗೆ ಫೋನ್ ಮಾಡುತ್ತಾರೆ. ಅವಳು ಯಾರದೋ ಮನೆಯಲ್ಲಿ ಡಿಸ್ಕು ಬಿಚ್ಚಿಕೊಂಡು ಕೂತಿರುತ್ತಾಳೆ, ಇಲ್ಲವೇ ಸ್ಕೂಟರನ್ನು ರಸ್ತೆಯ ಬದಿಗೆ ಹಾಕಿ ಫೋನ್ ಎತ್ತುತ್ತಾಳೆ.

"ತೆಗೀತಮ್ಮ," ಎನ್ನುತ್ತಾರೆ ಪಂಕಜಾ.

"ಆತ್ರೀ ಮೇಡಂ," ಎನ್ನುತ್ತಾಳೆ ದಾನಮ್ಮ.